ಅಳಿಯ ತಂದ ಪೇಡಾ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನಮ್ಮ ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ದೂರಿನ ಹಾಗೆ ಹೇಳುತ್ತಿದ್ದರು, ಈಗ ಸ್ವಲ್ಪ ಅಭಿಮಾನದಿಂದಲೇ ಹೇಳುತ್ತಾರೆ. ಇಂಥವಳು ನರ್ಸ್ ಹೇಗಾದಳು ಎಂದು ಬಹಳ ಜನ ಕೇಳಿದ್ದಾರೆ. ಈ ಕೆಲಸಕ್ಕೆ ತಾಳ್ಮೆ ಬೇಕಂತೆ. ನಾನು ಕಂಡ ಹಾಗೆ ತಾಳ್ಮೆ ಇದ್ದ ಹುಡುಗಿಯರು ವರ್ಷದೊಳಗೆ ಅತ್ತು ಬಿಟ್ಟು ಹೋಗುತ್ತಾರೆ. ಉಳಿಯುವವರು ನನ್ನಂಥ ಸಿಡುಕಿಯರೇ.

ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿ, ದವಾಖಾನೆ ಹುಬ್ಬಳ್ಳಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ದವಾಖಾನೆಯ ಹೆಸರು ಬೇಡ, ಅಲ್ಲಿ ನಾನಿನ್ನೂ ಕೆಲಸ ಮಾಡಬೇಕಾಗಿದೆ. ಗಂಡಸರ ವಾರ್ಡಿಗೆ ನಾನು ಹಿರಿಯ ಸಿಸ್ಟರ್. ಹಿರಿಯ ಎಂದರೆ ಬೈಗುಳಗಳೆಲ್ಲ ಮೊದಲು ನನ್ನ ಕಡೆ ಬರುತ್ತವೆ, ಆಮೇಲೆ ಉಳಿದವರಿಗೆ ಹಂಚಿಕೆಯಾಗುತ್ತವೆ.

ಬೈಗುಳದಲ್ಲಿ ನಮ್ಮ ಎರಡೂ ಊರುಗಳ ರೀತಿ ಬೇರೆ. ಹುಬ್ಬಳ್ಳಿಯವರು ನೇರ ಬೈಯುತ್ತಾರೆ, ಮುಗಿಸಿ ಮನೆಗೆ ಹೋಗುತ್ತಾರೆ. ಧಾರವಾಡದವರು ಮರ್ಯಾದೆ ಬಿಡದೆ ಬೈಯುತ್ತಾರೆ. ಒಮ್ಮೆ ಧಾರವಾಡದ ನಿವೃತ್ತ ಪ್ರಾಧ್ಯಾಪಕರೊಬ್ಬರು, ಇಂಜೆಕ್ಷನ್ ನೋವಾಯಿತೆಂದು, "ನಿಮ್ಮ ಕೈ ಸೇದಿ ಹೋಗ್ಲಿರಿ ಬಾಯಾರ" ಎಂದು ಸಮಾಧಾನದಿಂದ ಶಪಿಸಿದರು. ಅಷ್ಟು ಗೌರವದಿಂದ ಕೊಟ್ಟ ಶಾಪಕ್ಕೆ ಎದುರಾಡುವುದು ಹೇಗೆ? ನಾನೂ ಹೂಂ ರಿ ಎಂದು ಮುಂದಿನ ಮಂಚಕ್ಕೆ ಹೋದೆ.

ಇನ್ನು ಎಸೆಯುವವರ ಕತೆ. ಬಾಳೆಹಣ್ಣು, ಚಪ್ಪಲಿ, ಚಹಾದ ಫ್ಲಾಸ್ಕ್, ಎಲ್ಲ ಬಂದಿವೆ. ಒಬ್ಬ ಅಜ್ಜ ಕೈಗೆ ಏನೂ ಸಿಗದೆ ತನ್ನ ಹಲ್ಲಿನ ಸೆಟ್ಟನ್ನೇ ತೆಗೆದು ಎಸೆದ. ಊಟದ ಹೊತ್ತಿಗೆ ಅದನ್ನು ಮಂಚದ ಕೆಳಗಿನಿಂದ ಹುಡುಕಿ, ತೊಳೆದು, ಅವನ ಕೈಗೆ ಕೊಟ್ಟವಳು ನಾನೇ. ಲಿಫ್ಟಿನ ಪಕ್ಕದಲ್ಲಿ ಒಂದು ದೊಡ್ಡ ಬೋರ್ಡ್ ಹಾಕಿದ್ದಾರೆ, ಆಸ್ಪತ್ರೆಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡುವುದು ಶಿಕ್ಷಾರ್ಹ ಅಪರಾಧ ಎಂದು. ಅದರ ಮೊಳೆ ಗಟ್ಟಿಯಾಗಿದೆ ಅಂತ ಮಂದಿ ಊಟದ ಚೀಲ ಅಲ್ಲೇ ತೂಗು ಹಾಕುತ್ತಾರೆ. ಇವನ್ನೆಲ್ಲ ಡ್ಯೂಟಿ ರೂಮಿನಲ್ಲಿ ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ನಗದಿದ್ದರೆ ಮರುದಿನ ಬಸ್ಸು ಹತ್ತಲಿಕ್ಕೆ ಮನಸ್ಸು ಬರುವುದಿಲ್ಲ.

ಆದರೆ ಒಂದು ಏಟನ್ನು ನನಗೆ ನಕ್ಕು ಬಿಡಲಿಕ್ಕೆ ಆಗಲಿಲ್ಲ.

ಹೆಬ್ಬಳ್ಳಿಯಿಂದ ಒಬ್ಬ ಹಿರಿಯರು ನಮ್ಮ ವಾರ್ಡಿಗೆ ಬಂದಿದ್ದರು. ಊರವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಕಾಲ್ಬೆರಳಿಗೆ ಗಾಯವಾಗಿ, ಸಕ್ಕರೆ ಕಾಯಿಲೆಯಿಂದ ಅದು ಕೊಳೆತು, ಬೆರಳು ತೆಗೆಯಬೇಕು ಎಂಬಲ್ಲಿಗೆ ಬಂದಿತ್ತು. ಸಕ್ಕರೆ ಹತೋಟಿಗೆ ಬಾರದೆ ಆಪರೇಷನ್ ಮಾಡುವ ಹಾಗಿಲ್ಲ. ಕಾಕಾ ಸಕ್ಕರೆ ಹತೋಟಿಗೆ ಬರಲಿಕ್ಕೆ ಬಿಡುವ ಹಾಗಿಲ್ಲ. ಆ ಮನುಷ್ಯನಿಗೆ ಸಿಹಿಯ ಮೇಲೆ ಎಂಥ ಜೀವವೆಂದರೆ, ನಾನು ಒಮ್ಮೆ ಅವರ ದಿಂಬಿನ ಕವರಿನೊಳಗಿನಿಂದ ಶೇಂಗಾ ಹೋಳಿಗೆ ತೆಗೆದಿದ್ದೇನೆ, ಒಮ್ಮೆ ಎಕ್ಸ್‌ರೇ ಲಕೋಟೆಯೊಳಗಿನಿಂದ ಕರದಂಟು. ಸಿಕ್ಕಿಬಿದ್ದಾಗ ಮಗುವಿನ ಹಾಗೆ ನಕ್ಕು, ಇದು ಇಲ್ಲಿ ಹೆಂಗ ಬಂತವ್ವಾ ಎಂದು ನನ್ನನ್ನೇ ಕೇಳುತ್ತಿದ್ದರು.

ಮಂದಿ ತರದೆ ಅವರಿಗೆ ಎಲ್ಲಿಂದ ಸಿಗಬೇಕು? ನಮ್ಮ ಕಡೆ ಕಾಯಿಲೆಯವರನ್ನು ಮಾತಾಡಿಸಲಿಕ್ಕೆ ಯಾರೂ ಒಬ್ಬರೇ ಬರುವುದಿಲ್ಲ, ಬರಿಗೈಲಿ ಅಂತೂ ಬರುವುದೇ ಇಲ್ಲ. ನಾಲ್ಕು ಗಂಟೆಗೆ ಭೇಟಿಯ ಸಮಯ ಶುರುವಾಯಿತೆಂದರೆ ಒಂದು ಟಂಟಂ ಗಾಡಿ ತುಂಬ ಜನ ಇಳಿಯುತ್ತಿದ್ದರು. ಹೆಂಗಸರು ಮಂಚದ ಅಂಚಿಗೆ, ಗಂಡಸರು ಕಿಟಕಿಗೆ, ಉಳಿದವರು ಪಕ್ಕದ ಮಂಚದ ಮಾಸ್ತರ ಕಾಲ ಬುಡಕ್ಕೆ. ಈ ಮಾಸ್ತರು ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಮಲಗಿದ್ದ, ಸಾಲಿಯಿಂದ ನಿವೃತ್ತರಾದ ಮನುಷ್ಯ, ವಾರ್ಡಿನ ಎಲ್ಲ ಮಾತಿನಲ್ಲೂ ಒಂದು ಕಿವಿ ಇಟ್ಟವರು.

ಅಂತೂ ಒಂದು ದಿನ ಕಾಕಾರ ಸಕ್ಕರೆ ಇಳಿಯಿತು. ಮರುದಿನ ಬೆಳಿಗ್ಗೆ ಆಪರೇಷನ್ ಎಂದು ಡಾಕ್ಟರು ಬರೆದರು. ಇವತ್ತೊಂದು ದಿನ ಸಿಹಿ ಅನ್ನುವುದು ಈ ಮಂಚದ ಹತ್ತಿರ ಸುಳಿಯಬಾರದು ಎಂದು ನಾನು ಕಾಕಾರ ಹೆಂಡತಿಗೆ, ಮಗಳಿಗೆ, ಅವರ ಭಾವಂದಿರಿಗೆ, ಕೊನೆಗೆ ಮಾಸ್ತರಿಗೂ ಹೇಳಿ ಬೇರೆ ಮಂಚಗಳ ಕಡೆ ಹೊರಟೆ. ಆದರೆ ಅವತ್ತು ಅಳಿಯ ಬರುವವನಿದ್ದ. ಅದನ್ನು ನನಗೆ ಯಾರೂ ಹೇಳಿರಲಿಲ್ಲ.

ಅಳಿಯ ಎಂದರೆ ನಮ್ಮ ಕಡೆ ಏನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅವನು ಬಂದರೆ ಕೂತವರು ಏಳುತ್ತಾರೆ, ಅವನು ಕೂತ ಮೇಲೆ ಫ್ಯಾನು ಅವನ ಕಡೆ ತಿರುಗುತ್ತದೆ. ಅವನು ತಂದದ್ದನ್ನು ಮಾವನಾದವನು ಬೇಡ ಎನ್ನುವ ಹಾಗಿಲ್ಲ. ಈ ಅಳಿಯ ಗದಗಿನ ಕಡೆ ಹತ್ತಿ ವ್ಯಾಪಾರ ಮಾಡುವವನು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬೆರಳಲ್ಲಿ ಹರಳಿನ ಉಂಗುರ, ಮೂಗಿನ ಪಕ್ಕ ಒಂದು ಮಚ್ಚೆ. ಮಾವ ಆಸ್ಪತ್ರೆ ಸೇರಿದ ಮೇಲೆ ಮೊದಲ ಸಲ ಬಂದಿದ್ದಾನೆ, ತಡವಾಯಿತೆಂಬ ಸಂಕೋಚ ಬೇರೆ. ಅದಕ್ಕೆ ಧಾರವಾಡದ ತನಕ ಹೋಗಿ ದೊಡ್ಡ ಡಬ್ಬಿ ಪೇಡಾ ತಂದು, ಧಾರವಾಡ ತಾಲೂಕಿನ ಮಾವನಿಗೇ ತನ್ನ ಕೈಯಾರೆ ತಿನ್ನಿಸಿದ.

ನಾನು ಡ್ರೆಸ್ಸಿಂಗ್ ಟ್ರೇ ಹಿಡಿದು ಹೋಗುವ ಹೊತ್ತಿಗೆ ಪೇಡಾ ಬಾಯಿಯೊಳಗಿತ್ತು. ಕಾಕಾ ನನ್ನನ್ನು ನೋಡಿದರು, ಅಳಿಯನನ್ನು ನೋಡಿದರು, ಬಾಯಿ ಮುಚ್ಚಿ ಕೂತುಬಿಟ್ಟರು. ಬಲಗೆನ್ನೆ ಉಬ್ಬಿತ್ತು. ನುಂಗಿದರೆ ನಾನು ಬಿಡುವುದಿಲ್ಲ, ಉಗುಳಿದರೆ ಅಳಿಯನ ಮರ್ಯಾದೆ ಹೋಗುತ್ತದೆ. ಅಂಥ ಇಕ್ಕಟ್ಟಿನಲ್ಲಿ ಆ ಮನುಷ್ಯ ಪೇಡಾವನ್ನು ಕೆನ್ನೆಯಲ್ಲಿಟ್ಟುಕೊಂಡು ಮೇಲೆ ತಿರುಗುವ ಫ್ಯಾನನ್ನೇ ನೋಡುತ್ತ ಕೂತರು.

ನಾನು ಟ್ರೇಯಲ್ಲಿದ್ದ ಬಟ್ಟಲನ್ನು ಅವರ ಗದ್ದಕ್ಕೆ ಹಿಡಿದು, "ಉಗುಳ್ರಿ ಕಾಕಾರ" ಎಂದೆ. ಅಳಿಯನಿಗೆ ಅದು ಸರಿ ಬರಲಿಲ್ಲ. ಏ ನರ್ಸಬಾಯಿ, ನಾ ಕೊಟ್ಟಿದ್ದನ್ನ ಉಗುಳು ಅಂತೀಯೇನು ಎಂದು ಕೇಳಿದ. ನಾನು ಅವನ ಕಡೆ ತಿರುಗಿಯೂ ನೋಡದೆ, ಯಾರು ಕೊಟ್ಟರೂ ಸಕ್ಕರೆ ಸಕ್ಕರೆಯೇ ಎಂದೆ. ಎಂದು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಜಾಯಮಾನದಲ್ಲಿಲ್ಲ. ಎರಡು ಬೆರಳು ಹಾಕಿ ಕಾಕಾರ ಕೆನ್ನೆಯಿಂದ ಅರ್ಧ ಪೇಡಾ ಹೊರಗೆ ತೆಗೆದೆ. ಪಕ್ಕದ ಮಂಚದಲ್ಲಿ ಮಾಸ್ತರು ಹೊಲಿಗೆ ಹಿಡಿದುಕೊಂಡು ಕಿಸಕ್ಕನೆ ನಕ್ಕರು.

ಆ ನಗು ಮುಗಿಯುವುದರೊಳಗೆ ನನ್ನ ಎಡಗೆನ್ನೆಗೆ ಅಳಿಯನ ಏಟು ಬಿತ್ತು. ಸದ್ದು ಮೊದಲು ಕೇಳಿಸಿತು, ಉರಿ ಆಮೇಲೆ ಹತ್ತಿತು. ಬಟ್ಟಲು ಕೆಳಗೆ ಬಿತ್ತು, ಅರ್ಧ ಪೇಡಾ ಮಂಚದ ಕೆಳಗೆ ಉರುಳಿತು. ಗಾಬರಿಯಲ್ಲಿ ಕಾಕಾ ಬಾಯಲ್ಲಿ ಉಳಿದ ಅರ್ಧವನ್ನು ಗುಳಕ್ಕನೆ ನುಂಗಿಬಿಟ್ಟರು. ನಂಬಿದರೆ ನಂಬಿ, ಆ ಕ್ಷಣ ನನ್ನ ತಲೆಗೆ ಬಂದ ಮೊದಲ ಮಾತು, ಅಯ್ಯೋ ನುಂಗಿಬಿಟ್ಟರಲ್ಲ, ಎಂಬುದೇ.

ವಾಚಮನ್ ಬಂದ. ರೂಢಿಯಂತೆ ಮೊದಲು ಅಳಿಯನಿಗೆ ನಮಸ್ಕಾರ ಮಾಡಿ, ಆಮೇಲೆ ಹೊರಗೆ ಬರ್ರಿ ಎಂದ. ಅಳಿಯ ಕಾಲರ್ ಸರಿ ಮಾಡಿಕೊಂಡು ಹೋದ. ಸೋದರಮಾವಂದಿರು, ಭಾವಂದಿರು, ಎಲ್ಲರೂ ಅವನಿಗೆ ದಾರಿ ಬಿಟ್ಟು ನಿಂತರು. ನಾನು ಸಕ್ಕರೆ ನೋಡುವ ಮಶೀನು ತಂದೆ. ಕಾಕಾ ತಾವಾಗಿಯೇ ಬೆರಳು ಮುಂದೆ ಮಾಡಿದರು, ಆದರೆ ನನ್ನ ಮುಖ ನೋಡಲಿಲ್ಲ, ಅಳಿಯನಿಗೆ ಒಂದು ಮಾತು ಅನ್ನಲೂ ಇಲ್ಲ. ಅದಕ್ಕೆ ನನಗೆ ಕಾಕಾರ ಮೇಲೂ ಸಿಟ್ಟು ಬಂತು. ಸಕ್ಕರೆ ಮೇಲೆ ಹಾರಿತ್ತು, ಆಪರೇಷನ್ ಮುಂದಕ್ಕೆ ಹೋಯಿತು.

ಸಂಜೆ ಮ್ಯಾನೇಜರ್ ಸಾಹೇಬರು ಕರೆದರು. ಕೂಡಿಸಿದರು, ಚಹಾ ತರಿಸಿದರು. ಚಹಾ ಬಂತೆಂದರೆ ಯಾವುದನ್ನೋ ನುಂಗಿಕೊಳ್ಳಬೇಕು ಎಂದು ನಮ್ಮ ದವಾಖಾನೆಯಲ್ಲಿ ಎಲ್ಲರಿಗೂ ಗೊತ್ತು. ದೊಡ್ಡದು ಮಾಡುವುದು ಬೇಡ, ಆ ಊರಿನಿಂದ ದಿನಾ ಪೇಶಂಟ್ ಬರುತ್ತಾರೆ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಎಂದು ಶುರು ಮಾಡಿ, ಜೋರಾಗಿಯೇ ಹೊಡೆದರೋ, ಮಾತಿನ ಭರದಲ್ಲಿ ಹಾಗೇ ಸುಮ್ಮನೆ ಕೈ ತಾಗಿತೋ ಎಂದು ಕೇಳಿದರು.

"ಎಷ್ಟು ಜೋರ ಅಂತ ತೋರಸ್ಲೇನ್ರಿ ಸರ?" ಎಂದೆ.

ಅವರು ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿಕೊಂಡರು. ನಾನು ಒಂದೇ ಮಾತು ಹೇಳಿದೆ. ಆ ಮನುಷ್ಯ ಅದೇ ವಾರ್ಡಿಗೆ ಬರಬೇಕು, ನನ್ನ ಮುಖ ನೋಡಿ ತಪ್ಪಾಯಿತು ಅನ್ನಬೇಕು. ಕಾಕಾ ಮನೆಗೆ ಹೋಗುವುದರೊಳಗೆ ಅದು ಆಗದಿದ್ದರೆ ನಾನು ಪೊಲೀಸ್ ಠಾಣೆಗೆ ಹೋಗುತ್ತೇನೆ. ಇಷ್ಟೇ ತಾನೇ ಎಂದು ಸಾಹೇಬರು ಖುಷಿಯಾದರು. ಇಷ್ಟೇ ಎನ್ನುವುದು ಎಷ್ಟು ಕಷ್ಟ ಎಂದು ಇಬ್ಬರಿಗೂ ಆಗ ತಿಳಿದಿರಲಿಲ್ಲ.

ಮನೆಗೆ ಬಂದರೆ ಅತ್ತೆ ಕೆನ್ನೆಯ ಮೇಲಿನ ಬೆರಳಿನ ಗುರುತು ನೋಡಿ ಮೊದಲು ಕೇಳಿದ್ದು, ನೀ ತಿರುಗಿ ಹೊಡೀಲಿಲ್ಲೇನು ಎಂದು. ಇಲ್ಲ ಎಂದಾಗ ಅವರಿಗಾದ ನಿರಾಸೆ ನೋಡಬೇಕಿತ್ತು. ಇಷ್ಟು ವರ್ಷ ತಾವು ಸಹಿಸಿಕೊಂಡ ಸಿಟ್ಟು ಬೇಕಾದ ಹೊತ್ತಿಗೆ ಎಲ್ಲಿಗೆ ಹೋಯಿತು ಎಂದು ಅವರಿಗೆ ಅರ್ಥವಾಗಲಿಲ್ಲ. ಅರಿಸಿನ ಹಚ್ಚಿದರು, ಆಮೇಲೆ ಓಣಿಗೆ ಸುದ್ದಿ ಹಚ್ಚಿದರು. ಕತ್ತಲಾಗುವುದರೊಳಗೆ ಅಳಿಯ ಮೂರು ಜನರಾಗಿದ್ದ, ಕೈಯಲ್ಲಿ ಬಡಿಗೆಯೂ ಬಂದಿತ್ತು. ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ ಯೂನಿವರ್ಸಿಟಿ ಹುಡುಗರು ಕ್ರಿಕೆಟ್ ಬ್ಯಾಟು ಹಿಡಿದು ಬಂದು, ಎಲ್ಲಿದ್ದಾನೆ ಹೇಳಿ ಅಕ್ಕಾ ಎಂದರು. ಮರುದಿನ ಪರೀಕ್ಷೆ ಇದೆ ಎಂದು ಗೊತ್ತಿದ್ದರಿಂದ ಓದಲಿಕ್ಕೆ ಓಡಿಸಿದೆ. ನನ್ನ ಗಂಡ ಹೆಚ್ಚು ಮಾತಾಡುವವರಲ್ಲ. ಮರುದಿನ ಬಸ್‌ಸ್ಟಾಪಿನ ತನಕ ಸ್ಕೂಟರ್ ಮೇಲೆ ಬಿಟ್ಟು, ನಾನು ಬಸ್ಸು ಹತ್ತಿ ಕೂತ ಮೇಲೂ ಅಲ್ಲೇ ನಿಂತಿದ್ದರು. ಅದನ್ನು ನೋಡಿಯೂ ನಾನು ಅಳಲಿಲ್ಲ. ಮೊದಲು ಆ ಅಳಿಯ ಅಳಬೇಕು, ಉಳಿದದ್ದೆಲ್ಲ ಆಮೇಲೆ ಎಂದು ಹಟ ಹಿಡಿದಿದ್ದೆ.

ಸಕ್ಕರೆ ಮತ್ತೆ ಹತೋಟಿಗೆ ಬಂದು ಕಾಕಾರ ಆಪರೇಷನ್ ಚೆನ್ನಾಗಿ ಆಯಿತು. ಅವರು ಎದ್ದು ಕೂರುವ ಹೊತ್ತಿಗೆ, ಒಂದು ಮಧ್ಯಾಹ್ನ, ಊರಿನಿಂದ ಹಿರಿಯರು ಬಂದರು. ಬಿಳಿ ಧೋತರ, ಹಣೆ ತುಂಬ ವಿಭೂತಿ, ತಲೆಗೆ ರುಮಾಲು. ಕೈಯಲ್ಲಿ ಶಾಲು, ಹೂವಿನ ಹಾರ, ತೆಂಗಿನಕಾಯಿ, ಬಾಳೆಹಣ್ಣು. ನಮ್ಮಲ್ಲಿ ಯಾವ ವ್ಯವಹಾರವೂ ಶಾಲು ಹೊದಿಸದೆ ಮುಗಿಯುವುದಿಲ್ಲ. ನೆರೆಮನೆಯವನು ಗೋಡೆ ಸರಿಸಿದರೂ ಕೊನೆಗೆ ಒಂದು ಶಾಲು ಬೇಕು. ತಪ್ಪು ದೊಡ್ಡದಾಗಿದೆ, ಆದ್ದರಿಂದ ದೊಡ್ಡವರಿಗೇ ಸನ್ಮಾನ ಆಗಬೇಕು ಎಂದು ಊರಲ್ಲಿ ಕೂತು ತೀರ್ಮಾನ ಮಾಡಿಕೊಂಡೇ ಬಂದಿದ್ದರು.

ಕಾಕಾರ ಮಂಚದ ಪಕ್ಕದಲ್ಲೇ ಕಾರ್ಯಕ್ರಮ. ಸಾಮಾನು ಜೋಡಿಸಿದ ಹಿರಿಯರೊಬ್ಬರು ಸುತ್ತ ನೋಡಿ, ಹತ್ತಿರ ನಿಂತಿದ್ದ ನನ್ನ ಕೈಗೆ ತಾಟು ಕೊಟ್ಟು, ಒಂಚೂರು ಹಿಡೀರಿ ಸಿಸ್ಟರ್ ಎಂದರು. ಕೈಗೆ ಕೊಟ್ಟದ್ದನ್ನು ಹಿಡಿಯುವುದು ನಮ್ಮ ಕಸುಬಿನ ಚಾಳಿ. ಹಿಡಿದೆ.

ಮೊದಲ ಶಾಲು ಡಾಕ್ಟರಿಗೆ. ಪಾಪ, ವಯಸ್ಸಿನಲ್ಲಿ ಚಿಕ್ಕವರು, ಸ್ಟೆಥಸ್ಕೋಪಿನ ಮೇಲೆ ಹಾರ ಹಾಕಿಸಿಕೊಂಡು ಕಣ್ಣು ಬಿಡುತ್ತ ನಿಂತರು. ಎರಡನೆಯದು ಮ್ಯಾನೇಜರ್ ಸಾಹೇಬರಿಗೆ. ಅವರು ಸುಮ್ಮನೆ ತೆಗೆದುಕೊಳ್ಳುವವರೇ? ತಮ್ಮ ಕೊರಳಿನ ಹಾರ ತೆಗೆದು ಊರಿನ ಹಿರಿಯರಿಗೆ ಹಾಕಿದರು. ಹಿರಿಯರು ಅದನ್ನು ತೆಗೆದು ಮಾಸ್ತರಿಗೆ ಹಾಕಿದರು, ಏಕೆಂದರೆ ಮಾಸ್ತರು ಅವರಲ್ಲಿ ಇಬ್ಬರಿಗೆ ಸಾಲಿ ಕಲಿಸಿದವರಂತೆ. ಪ್ರತಿ ಹಾರಕ್ಕೂ ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು. ನಾನು ತಾಟು ಹಿಡಿದು ಪ್ರತಿ ಫೋಟೋದ ಅಂಚಿನಲ್ಲಿ ಅರ್ಧ ಬಂದೆ. ಆಮೇಲೆ ಭಾಷಣ. ನಮ್ಮ ಊರಿಗೂ ಈ ದವಾಖಾನೆಗೂ ಇರುವ ಸಂಬಂಧ, ಮಳೆ ಬೆಳೆ, ಡಾಕ್ಟರ ಕೈಗುಣ ಎಲ್ಲ ಬಂತು. ಕೆನ್ನೆಯ ಮಾತು ಬರಲಿಲ್ಲ. ಆಗಿದ್ದು ಆಗಿ ಹೋಯಿತು ಎಂದರು, ಎಲ್ಲರೂ ಚಪ್ಪಾಳೆ ಹೊಡೆದರು. ತಾಟು ಕೈಯಲ್ಲಿದ್ದುದರಿಂದ ನಾನು ಹೊಡೆಯಲಿಲ್ಲ.

ಕೊನೆಗೆ ಹಿಂದೆ ನಿಂತಿದ್ದ ಅಳಿಯನನ್ನು ಮುಂದೆ ದೂಡಿದರು. ಅವನು ಡಾಕ್ಟರ ಮುಂದೆ ಕೈಮುಗಿದು, ತಪ್ಪಾತ್ರಿ ಸಾಹೇಬ್ರ ಎಂದ. ಡಾಕ್ಟರು ಕೆಂಪಗಾಗಿ, ನನಗ್ಯಾಕ್ರಿ, ನನಗೆ ಯಾರೂ ಹೊಡೆದಿಲ್ಲ, ಸಿಸ್ಟರಿಗೆ ಹೇಳ್ರಿ ಎಂದರು.

ಅಲ್ಲಿ ನಾವು ಮೂವರು ಸಿಸ್ಟರುಗಳು ನಿಂತಿದ್ದೆವು, ಮೂವರದೂ ಒಂದೇ ನೀಲಿ ಬಟ್ಟೆ. ಅಳಿಯ ತಿರುಗಿದ. ನೇರ ಹೋಗಿ ಎಲ್ಲರಿಗಿಂತ ಚಿಕ್ಕವಳ ಮುಂದೆ ನಿಂತ. ನಿಜವಾಗಿಯೂ ಕಣ್ಣಲ್ಲಿ ನೀರು ತಂದುಕೊಂಡು, ಅವತ್ತು ತನ್ನ ಬುದ್ಧಿ ನೆಟ್ಟಗಿರಲಿಲ್ಲ, ತಂಗಿಯಂಥವಳ ಮೇಲೆ ಕೈ ಮಾಡಿದೆ, ಆವತ್ತಿನಿಂದ ಊಟ ರುಚಿಸಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ಅವಳ ಕಾಲಿಗೆ ಬಗ್ಗಿದ.

ಅವಳು ಹಿಂದೆ ಜಿಗಿದು, "ನಾ ಅಲ್ರೀ ಯಣ್ಣಾ, ನಾ ಮೊನ್ನೆ ಸೋಮವಾರ ಕೆಲಸಕ್ಕ ಸೇರೇನಿ" ಎಂದಳು.

ಅಳಿಯ ಎರಡನೆಯವಳ ಮುಖ ನೋಡಿದ, ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ಅವನ ಕಣ್ಣು ನನ್ನ ಮೇಲೆ ಬಂತು, ತಾಟಿನ ಮೇಲೆ ಬಂತು, ಹಾಗೇ ಮುಂದೆ ಹೋಗಿ ಬಾಗಿಲಲ್ಲಿ ಹುಡುಕಿತು. ತಾಟು ಹಿಡಿದವಳು ಕಾರ್ಯಕ್ರಮದ ಕಡೆಯವಳು ಎಂದುಕೊಂಡ.

ನನಗೆ ಆಗ ಆದದ್ದು ಏಟಿಗಿಂತ ಹೆಚ್ಚಿನ ನೋವು. ಅವನ ಮೂಗಿನ ಪಕ್ಕದ ಮಚ್ಚೆ, ಉಂಗುರದ ಹರಳಿನ ಬಣ್ಣ, ಕೈ ಎತ್ತಿದಾಗ ಅಂಗಿಯ ತೋಳು ಜಾರಿದ್ದು, ಎಲ್ಲ ನನಗೆ ನೆನಪಿತ್ತು. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ ಗದ್ದಲದಲ್ಲೂ ಅವನನ್ನು ಗುರುತು ಹಿಡಿಯಬಲ್ಲೆ. ಅವನ ತಲೆಯಲ್ಲಿ ನನ್ನ ಮುಖ ಒಂದು ಗಳಿಗೆಯೂ ನಿಂತಿರಲಿಲ್ಲ. ಯಾರೆಂದು ನೋಡದೆಯೇ ಹೊಡೆದಿದ್ದ.

ತಾಟನ್ನು ಮ್ಯಾನೇಜರ್ ಸಾಹೇಬರ ಕೈಗೆ ಕೊಟ್ಟು ನಾನೇ ಮುಂದೆ ಬಂದೆ. "ನೀವು ಹೊಡದಾಕಿ ಇದ ವಾರ್ಡಿನ್ಯಾಗ ಅದಾಳ್ರಿ. ಆಕೀನ್ನ ನೀವ ಗುರುತು ಹಿಡೀರಿ, ಆಮ್ಯಾಲೆ ತಪ್ಪಾತು ಅನ್ರಿ. ಅಲ್ಲೀತನಾ ಯಾರೂ ತೋರಿಸಿ ಕೊಡೂ ಹಂಗಿಲ್ಲ."

ಅಳಿಯ ತಲೆ ಬಾಗಿಸಿ, ಆತ್ರಿ ದೊಡ್ಡ ಸಿಸ್ಟರ್ ಎಂದ. ಡಾಕ್ಟರು ಹಾರದಲ್ಲಿ ಮುಖ ಮುಚ್ಚಿಕೊಂಡರು. ಅಳಿಯ ಸಹಾಯಕ್ಕೆಂದು ಮಾವನ ಕಡೆ ನೋಡಿದ. ಇಷ್ಟು ದಿನ ಅಳಿಯನ ಎದುರು ಬಾಯಿ ಬಿಡದಿದ್ದ ಕಾಕಾ ಬಹಳ ವಿನಯದಿಂದ, "ನನಗ ಕಣ್ಣು ಮಂಜಾಗ್ಯಾವ ಅಳಿಯಾಂದ್ರ, ಎಲ್ಲಾ ಸಿಸ್ಟರೂ ಒಂದ ಥರಾ ಕಾಣ್ತಾರ" ಎಂದರು. ವಾರ್ಡಿನ ಆ ತುದಿಯಲ್ಲಿ ಯಾರ ಡಬ್ಬಿಯಲ್ಲಿ ಏನಿದೆ ಎಂದು ಈ ತುದಿಯಿಂದ ಹೇಳುವ ಮನುಷ್ಯ! ಅಳಿಯ ಹೆಂಡತಿಯ ಕಡೆ ನೋಡಿದ. ಅವಳು ಸೆರಗು ಸರಿ ಮಾಡಿಕೊಂಡು ಕಿಟಕಿಯ ಹೊರಗೆ ನೋಡತೊಡಗಿದಳು. ಅವಳಿಗೂ ಅವನ ಮೇಲೆ ಯಾವುದೋ ಹಳೆಯ ಲೆಕ್ಕ ಇದ್ದಿರಬೇಕು ಎಂದು ನನಗೆ ಅನ್ನಿಸಿತು.

ಮರುದಿನದಿಂದ ಅಳಿಯ ನಾಲ್ಕು ಗಂಟೆಗೆ ಸರಿಯಾಗಿ ಬಂದು ಮಾವನ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂರತೊಡಗಿದ. ಹತ್ತಿ ವ್ಯಾಪಾರಿ ಹಿಂಜಿ ನೋಡುವ ಹಾಗೆ ಒಬ್ಬೊಬ್ಬ ಸಿಸ್ಟರನ್ನೂ ನೋಡುವುದು, ಎಡಗೆನ್ನೆ ಕಾಣಲೆಂದು ಕತ್ತು ಓರೆ ಮಾಡುವುದು. ಮ್ಯಾನೇಜರ್ ಸಾಹೇಬರು ಬಂದು, ಇದೇನ್ರಿ ಸಿಸ್ಟರ್, ಪರೀಕ್ಷಾ ಇಟ್ಟೀರೇನು ಎಂದು ಗೋಳಾಡಿದರು. ವಾರ್ಡಿಗೆ ಮಾತ್ರ ಅದು ಹಬ್ಬವಾಯಿತು. ಮಾಸ್ತರು ಗುಟ್ಟಾಗಿ ಅಳಿಯನನ್ನು ಕರೆದು, ನಿಮಗೆ ಬೇಕಾದವರು ಬೆಳಗಿನ ಪಾಳಿಯಲ್ಲಿದ್ದಾರೆ ಎಂದು ತಪ್ಪು ದಾರಿ ತೋರಿಸಿದರು. ಅವನು ಬೆಳಿಗ್ಗೆಯೂ ಬಂದು ಕೂತ. ಸುಮ್ಮನೆ ಕೂತವನನ್ನು ನಮ್ಮ ಹುಡುಗಿಯರು ಬಿಡುತ್ತಾರೆಯೇ? ಸಲಾಯಿನ್ ಸ್ಟ್ಯಾಂಡ್ ಸರಿಸಲಿಕ್ಕೆ, ಅಜ್ಜಂದಿರನ್ನು ಎಬ್ಬಿಸಿ ಕೂರಿಸಲಿಕ್ಕೆ ಅವನನ್ನೇ ಕರೆದರು. ಇಸ್ತ್ರಿ ಅಂಗಿ ಮುದುಡಿತು.

ಒಂದು ದಿನ ನನ್ನ ಹತ್ತಿರವೇ ಬಂದು, ಏನಾದರೂ ಒಂದು ಗುರುತು ಹೇಳಿ ಎಂದು ಬೇಡಿಕೊಂಡ. ಆ ಸಿಸ್ಟರ ಸ್ವಭಾವ ಹೇಗೆ ಎಂದು ಕೇಳಿದ. ಬಹಳ ಸಿಟ್ಟಿನವಳು ಎಂದೆ. ಮಾತಾಡಿಸಿದರೆ ಕ್ಷಮಿಸುತ್ತಾಳೆಯೇ ಎಂದು ಕೇಳಿದ. ಅದು ನನಗೂ ಗೊತ್ತಿಲ್ಲ ಎಂದೆ. ಅದು ಖರೇ ಇತ್ತು.

ಅವನು ಕೂತಿದ್ದಾಗಲೇ ಇನ್ನೊಬ್ಬ ಪೇಶಂಟಿನ ಕಡೆಯವನು, ಊಟ ತಣ್ಣಗಿದೆ ಎಂದು ಆ ಚಿಕ್ಕ ಸಿಸ್ಟರಿಗೆ ಕೇಳಬಾರದ ಮಾತು ಬೈದ. ಅನ್ನ ಬೇಯಿಸಿದವಳು ಅವಳಲ್ಲ, ತಂದವಳೂ ಅಲ್ಲ. ಅವಳು ಸರಿ ರಿ, ಸರಿ ರಿ ಎನ್ನುತ್ತ ನಿಂತಳು. ಅಳಿಯ ನೆಲ ನೋಡುತ್ತ ಕೂತಿದ್ದ. ನಾನು ಹೋಗಿ ಆ ಬೈದವನಿಗೆ ಬೇಕಾದಷ್ಟು ಕೊಟ್ಟು ಬಂದೆ.

ಹೊರಗೆ ಇಷ್ಟೆಲ್ಲ ಜಬರದಸ್ತು ಮಾಡುತ್ತಿದ್ದ ನನಗೆ ಒಳಗೆ ಬೇರೊಂದು ಆಗುತ್ತಿತ್ತು. ಅವನು ಹಿಂದೆ ನಡೆದು ಬಂದರೆ ಬೆನ್ನು ಬಿಗಿಯುತ್ತಿತ್ತು. ಬಸ್ಸಿನಲ್ಲಿ ಯಾರೋ ಕಂಬಿ ಹಿಡಿಯಲಿಕ್ಕೆ ಕೈ ಎತ್ತಿದರೂ ನನ್ನ ತಲೆ ತಾನಾಗಿ ಪಕ್ಕಕ್ಕೆ ಹೋಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಸಿಟ್ಟಿನವಳು ಎಂಬ ಹೆಸರು ಇಟ್ಟುಕೊಂಡು ಹೆದರಿಕೆ ಆಗುತ್ತದೆ ಎನ್ನಲಿಕ್ಕೆ ನಾಚಿಕೆ.

ಕಾಕಾ ಮನೆಗೆ ಹೋಗುವ ಹಿಂದಿನ ದಿನ. ಸಂಜೆಯ ಬಿಸಿಲು ನೇರ ಅವರ ಕಣ್ಣಿಗೆ ಹೊಡೆಯುತ್ತಿತ್ತು. ನಾನು ಮಂಚದ ಮೇಲೆ ಬಗ್ಗಿ ಅವರ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದೆ. 'ಒಂದೀಟು ಪರದೆ ಎಳೀರಿ ಅಳಿಯಾಂದ್ರ' ಎಂದರು ಕಾಕಾ. ಅವನು ಸ್ಟೂಲಿನಿಂದ ಎದ್ದು, ನನ್ನ ಪಕ್ಕದಲ್ಲೇ, ಗಕ್ಕನೆ ಕೈ ಮೇಲೆತ್ತಿದ.

ನಾನು ಕೂಗಲಿಲ್ಲ. ಆದರೆ ಪಟ್ಟಿ ಕೈಯಿಂದ ಜಾರಿತು, ತಲೆ ಭುಜದೊಳಗೆ ಇಳಿಯಿತು, ಎಡಗೈ ಬಂದು ಎಡಗೆನ್ನೆಯನ್ನು ಮುಚ್ಚಿತು. ಅದು ಅಲ್ಲಿಗೆ ಯಾವಾಗ ಬಂತೋ ನನಗೇ ಗೊತ್ತಾಗಲಿಲ್ಲ.

ಪರದೆ ಸರಿಯಲಿಲ್ಲ. ನೋಡಿದರೆ ಅವನ ಕೈ ಇನ್ನೂ ಮೇಲೆಯೇ ಇತ್ತು. ನನ್ನ ಕೆನ್ನೆ ಮುಚ್ಚಿದ ಕೈಯನ್ನು ನೋಡುತ್ತಿದ್ದ, ಆಮೇಲೆ ತನ್ನ ಕೈಯನ್ನು ನೋಡಿದ. ಮೆಲ್ಲಗೆ ಅದನ್ನು ಇಳಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ನೀವ ಏನ್ರಿ ಅವರು?" ಎಂದ.

"ಹೌದ್ರಿ," ಎಂದೆ. "ನಾನ."

"ತಪ್ಪಾತ್ರಿ. ನಿಮ್ಮ ಮಾರಿ ಸೈತ ನೋಡ್ಲಾರದ ಹೊಡದೆ."

ಇದಕ್ಕೆ ಏನು ಉತ್ತರ ಕೊಡಬೇಕೆಂದು ನಾನು ದಿನಾ ಬಸ್ಸಿನಲ್ಲಿ ಕೂತು ಕಟ್ಟಿದ್ದೆ. ನವಲೂರು ದಾಟುವಾಗ ಒಂದು ಮಾತು, ರಾಯಾಪುರದಲ್ಲಿ ಒಂದು ಮಾತು, ಒಂದಕ್ಕಿಂತ ಒಂದು ಖಾರ. ಅವುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಏಟು ಬಿದ್ದ ದಿನ ಬಾರದ ಅಳು, ಗಂಡ ಬಸ್‌ಸ್ಟಾಪಿನಲ್ಲಿ ನಿಂತಾಗ ತಡೆದಿಟ್ಟ ಅಳು, ಎಲ್ಲ ಒಟ್ಟಿಗೆ ಬಂತು. ಕಾಕಾರ ಮಂಚದ ಕಂಬಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಕಾಕಾ ಅವ್ವಾ, ಅವ್ವಾ ಎನ್ನುತ್ತ ನನ್ನ ತಲೆ ಸವರಿದರು.

ಅಳಿಯ ದಿಕ್ಕೆಟ್ಟು ಹೋದ. ಮುಟ್ಟುವ ಹಾಗಿಲ್ಲ, ಬಿಟ್ಟು ಹೋಗುವ ಹಾಗಿಲ್ಲ. ಬೆನ್ನ ಹಿಂದಿನ ಕೈ ಬಿಚ್ಚಲಿಕ್ಕೂ ಧೈರ್ಯ ಬರದೆ, ಬಾಗಿಲಿನ ಕಡೆ ಮುಖ ಮಾಡಿ, ಆಸ್ಪತ್ರೆಯಲ್ಲಿ ಯಾರಿಗೆ ಏನಾದರೂ ಎಲ್ಲರೂ ಕೂಗುವುದನ್ನೇ ಅವನೂ ಕೂಗಿದ. "ಸಿಸ್ಟರ್, ಸಿಸ್ಟರ್, ಲಗೂ ಬರ್ರಿ, ಸಿಸ್ಟರ್ ಅಳಾಕತ್ತಾರ!"

ಆ ಚಿಕ್ಕ ಸಿಸ್ಟರ್ ಓಡಿ ಬಂದಳು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ನೀವು ಹೊರಗ ನಿಂದರ್ರಿ ಎಂದು ಅವನಿಗೆ ಹೇಳಿದಳು. ಅವನು ಹೊರಗೆ ಹೋಗಿ ನಿಂತ.